ಬಾಗಿಲ ಮನೆತನದ ಓರಗಿತ್ತಿ

ನ್ಯೂಜೆರ್ಸಿಯಲ್ಲಿ ಮನೆ ಕೊಂಡವರು ಯಾರೂ ಮುಂಬಾಗಿಲಿನಿಂದ ಒಳಗೆ ಹೋಗುವುದಿಲ್ಲ. ಕಾರು ಗ್ಯಾರೇಜಿಗೆ ಬರುತ್ತದೆ, ಗ್ಯಾರೇಜಿನಿಂದ ಅಡುಗೆಮನೆಗೆ ಒಂದು ಬಾಗಿಲಿರುತ್ತದೆ. ಹಾಲು, ಅಕ್ಕಿ ಮೂಟೆ, ಮಕ್ಕಳ ಬ್ಯಾಗು, ಬಂದ ನೆಂಟರು, ಎಲ್ಲರೂ ಅಲ್ಲಿಂದಲೇ. ಮುಂಬಾಗಿಲು ಇರುವುದು ಪಾರ್ಸೆಲ್ ತರುವವನಿಗೆ, ಹ್ಯಾಲೋವೀನ್ ದಿನ ಚಾಕೊಲೇಟ್ ಕೇಳುವ ಮಕ್ಕಳಿಗೆ, ಮತ್ತೆ ಗೃಹಪ್ರವೇಶಕ್ಕೆ. ಆ ಒಂದು ದಿನ ಅದಕ್ಕೆ ಮಾವಿನೆಲೆಯ ತೋರಣ, ಹೊಸಿಲಿಗೆ ಅರಿಶಿನ ಕುಂಕುಮ. ಇಲ್ಲಿನ ಹೊಸಿಲೆಂದರೆ ಒಂದು ಅಲ್ಯೂಮಿನಿಯಂ ಪಟ್ಟಿ. ಅರಿಶಿನ ಅದರ ಮೇಲೆ ನಿಲ್ಲುವುದಿಲ್ಲ, ಒಣಗಿದ ಕೂಡಲೇ ಪುಡಿಯಾಗಿ ಹಾರುತ್ತದೆ. ನೀರಿನ ಬದಲು ಸ್ವಲ್ಪ ಎಣ್ಣೆ ಹಾಕಿ ಕಲಸಿದರೆ ನಿಲ್ಲುತ್ತದೆ. ಇದನ್ನು ಕಂಡುಕೊಂಡವಳು ನಾನು. ಈಗ ನಮ್ಮ ಬಳಗದಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಯಾರಿಂದ ಕಲಿತದ್ದೆಂದು ಯಾರಿಗೂ ನೆನಪಿಲ್ಲ.

ನನ್ನ ಓರಗಿತ್ತಿ ಮಾಡುವುದು ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ಅವರಿರುವುದು ಕ್ರ್ಯಾನ್‌ಬರಿಯ ಹತ್ತಿರ, ನಾವು ಪಾರ್ಸಿಪನಿಯಲ್ಲಿ. ಅವಳ ತವರಿನವರು ಬಾಗಿಲ ಮನೆತನದವರು. ಹಾಗೆಂದರೆ, ಒಂದು ಕಾಲದಲ್ಲಿ ಅರಸನ ಓಲಗಕ್ಕೆ ಯಾರೇ ಬರಲಿ, ಮಂತ್ರಿಯಾಗಲಿ, ಪರದೇಶದ ರಾಯಭಾರಿಯಾಗಲಿ, ಅರಸನ ಒಡಹುಟ್ಟಿದವನೇ ಆಗಲಿ, ಇವರ ಮನೆಯ ಹಿರಿಯ ಬೆತ್ತ ತಟ್ಟಿ, ಬಂದವರ ಹೆಸರು ಹೇಳಿ ಒಳಗೆ ಬಿಡಬೇಕು. ಅವನು ಬಿಡದೆ ಯಾರೂ ಹೊಸಿಲು ದಾಟುವ ಹಾಗಿಲ್ಲ. ಆ ಹುದ್ದೆಗೆ ಪಡಿಹಾರ ಎಂದು ಹೆಸರು. ತಂದೆಯಿಂದ ಮಗನಿಗೆ ಬರುತ್ತಿದ್ದ ಹುದ್ದೆ. ಜೊತೆಗೆ ಎರಡು ಹಳ್ಳಿಯ ಉಂಬಳಿ, ಓಲಗದಲ್ಲಿ ತಲೆ ಬಾಗಿಸದೆ ನಿಲ್ಲುವ ಮರ್ಯಾದೆ. ಯಾವ ಅರಸ ಎಂದು ಕೇಳಿದರೆ ಒಮ್ಮೆ ಹೊಯ್ಸಳರ ಕಾಲ ಎನ್ನುತ್ತಾಳೆ, ಇನ್ನೊಮ್ಮೆ ವಿಜಯನಗರ. ನಾನು ಎರಡನ್ನೂ ಗಮನದಲ್ಲಿಟ್ಟುಕೊಂಡು ಒಮ್ಮೆ ನಾಲ್ಕು ಜನರ ಮುಂದೆ ಕೇಳಿಯೇಬಿಟ್ಟೆ.

"ಅರಸರು ಬದಲಾದ್ರು ಅಕ್ಕ, ಬಾಗಿಲವರು ಬದಲಾಗಲಿಲ್ಲ" ಎಂದಳು. ನಾಲ್ಕು ಜನವೂ ತಲೆದೂಗಿದರು. ನಾನು ಉಪ್ಪಿನಕಾಯಿ ಬಡಿಸಲು ಎದ್ದು ಹೋದೆ.

ಇಪ್ಪತ್ತೊಂದು ತಲೆಮಾರಿನ ಹೆಸರುಗಳನ್ನು ಅವಳು ಬಾಯಲ್ಲಿ ಹೇಳುತ್ತಾಳೆ. ಕೇಳಿದವರು ಬೆರಗಾಗುತ್ತಾರೆ. ನನಗೇನೂ ಬೆರಗಿಲ್ಲ, ಏಕೆಂದರೆ ಆ ವಂಶದಲ್ಲಿ ಇರುವುದು ಎರಡೇ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾ ಬಂದಿದ್ದಾರೆ. ಹಾಗಾಗಿ ಒಂದು ಬಿಟ್ಟು ಒಂದು ಅದೇ ಎರಡು ಹೆಸರು ಸುತ್ತುತ್ತಿರುತ್ತವೆ. ಹತ್ತೊಂಬತ್ತಕ್ಕೆ ನಿಲ್ಲಿಸಿದರೂ ಗೊತ್ತಾಗುವುದಿಲ್ಲ, ಇಪ್ಪತ್ಮೂರಕ್ಕೆ ಹೋದರೂ ಗೊತ್ತಾಗುವುದಿಲ್ಲ. ಈ ಮಾತನ್ನು ನಾನು ನಮ್ಮವರ ಹತ್ತಿರ ಮಾತ್ರ ಹೇಳಿದ್ದೇನೆ. ಅವರು, "ನಿಂಗ್ಯಾಕೆ ಲೆಕ್ಕ? ಆಡಿಟಿಂಗ್ ಮಾಡ್ತಿದೀಯಾ?" ಎಂದರು.

ಆದರೆ ಆ ಹೆಸರುಗಳ ನಡುವೆ ಅವಳು ಹೇಳುವ ಕಥೆಗಳಿಗೆ ನನ್ನ ಬಳಿ ಉತ್ತರವಿರಲಿಲ್ಲ. ಒಬ್ಬ ಹಿರಿಯನಿಗೆ ವಯಸ್ಸಾದ ಮೇಲೆ ಕಣ್ಣು ಹೋಯಿತಂತೆ. ಅರಸ ಅವನನ್ನು ತೆಗೆಯಲಿಲ್ಲ, ಏಕೆಂದರೆ ಹೆಜ್ಜೆಯ ಸದ್ದಿನಲ್ಲೇ ಬಂದವರು ಯಾರು, ಯಾವ ಮನಸ್ಸಿನಲ್ಲಿ ಬಂದಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಒಂದು ತಲೆಮಾರಿನಲ್ಲಿ ಗಂಡು ಸಂತಾನವಿಲ್ಲದೆ ಮಗಳೇ ಬೆತ್ತ ಹಿಡಿದಳು. ಅವಳಿಗೆ ಮನೆ ಅಳಿಯನನ್ನು ತಂದರು. ಇನ್ನೊಬ್ಬ, ಸೊಂಟದಲ್ಲಿ ಕಠಾರಿ ಇಟ್ಟುಕೊಂಡು ಬಂದ ಅರಸನ ತಮ್ಮನನ್ನು ಇಡೀ ದಿನ ಮಳೆಯಲ್ಲಿ ನಿಲ್ಲಿಸಿದ್ದ. ಹೊರಗೆ ಹಿಮ ಬೀಳುತ್ತಿರುವಾಗ, ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟ ಮುಗಿಸಿ ಕಾರ್ಪೆಟ್ ಮೇಲೆ ಕೂತ ಮಕ್ಕಳಿಗೆ ಅವಳು ಈ ಕಥೆ ಹೇಳುವಾಗ ನನ್ನ ಮಗಳ ಬಾಯಿ ತೆರೆದೇ ಇರುತ್ತಿತ್ತು.

ನನ್ನ ಕಡೆಯದು ಅಜ್ಜನಿಗೆ ನಿಲ್ಲುತ್ತದೆ. ಅಜ್ಜ ಮೈಸೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಅವರ ಅಪ್ಪ ಎಲ್ಲಿಂದ ಬಂದರು, ಏನು ಮಾಡಿಕೊಂಡಿದ್ದರು, ಯಾರಿಗೂ ಗೊತ್ತಿಲ್ಲ. ಫೋನಿನಲ್ಲಿ ಅಪ್ಪನನ್ನು ಕೇಳಿದರೆ, "ಯಾಕಮ್ಮ, ಆಸ್ತಿ ಏನಾದ್ರೂ ಬರೋದಿತ್ತಾ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಏಕೆಂದರೆ ಅದೇ ವಾರ ಮಗಳ ಶಾಲೆಯಲ್ಲಿ ವಂಶವೃಕ್ಷ ಮಾಡಿಕೊಂಡು ಬರಲು ಹೇಳಿದ್ದರು. ಮೂರನೆಯ ಗ್ರೇಡು. ದೊಡ್ಡ ಪೋಸ್ಟರ್ ಬೋರ್ಡು ತಂದುಕೊಟ್ಟೆ, ಹಸಿರು ಕಾಗದದಲ್ಲಿ ಎಲೆ ಕತ್ತರಿಸಿಕೊಟ್ಟೆ, ಅಜ್ಜನ ಹಳೆಯ ಫೋಟೋ ತರಿಸಿ ಪ್ರಿಂಟು ಹಾಕಿಸಿದೆ. ಅವಳು ಅಂಟಿಸಿ ಮುಗಿಸಿದ ಮೇಲೆ ನೋಡಿದರೆ ಒಂದು ಕಡೆಯ ಕೊಂಬೆ ಬೋರ್ಡಿನ ತುದಿಯವರೆಗೆ ಹೋಗಿದೆ. ಇಪ್ಪತ್ತೊಂದು ಎಲೆ. ತುದಿಯಲ್ಲಿ ಬೆತ್ತ ಹಿಡಿದ ಮನುಷ್ಯನ ಚಿತ್ರ. ನನ್ನಜ್ಜ ಕೆಳಗೆ, ಬೇರಿನ ಪಕ್ಕ ಇದ್ದರು.

"ಪುಟ್ಟಾ, ಇದು ಚಿಕ್ಕಮ್ಮನ ಮನೆಯವರದು. ನಮ್ಮದಲ್ಲ."

"ಬಟ್ ಶೀ ಈಸ್ ಫ್ಯಾಮಿಲಿ."

"ಫ್ಯಾಮಿಲಿ ಹೌದು. ಆದ್ರೆ ಅವಳ ತವರು ನಿನ್ನ ವಂಶ ಆಗಲ್ಲ. ರಕ್ತ ಸಂಬಂಧ ಇಲ್ಲ."

ಮಗಳು ಸ್ವಲ್ಪ ಯೋಚಿಸಿದಳು. "ಯುವರ್ ಸೈಡ್ ಹ್ಯಾಸ್ ಓನ್ಲಿ ಒನ್ ಗೈ, ಅಮ್ಮಾ. ವಿತ್ ಎ ಫ್ಲೋರ್ ಮಿಲ್."

ಬೋರ್ಡು ಹಾಗೆಯೇ ಶಾಲೆಗೆ ಹೋಯಿತು. ಟೀಚರು ಅದನ್ನು ಕಾರಿಡಾರಿನಲ್ಲಿ ತೂಗುಹಾಕಿದರು. ಪೇರೆಂಟ್-ಟೀಚರ್ ಮೀಟಿಂಗಿಗೆ ಹೋದಾಗ, ನೀವು ರಾಜಮನೆತನದವರಂತೆ ಎಂದು ನನ್ನ ಕೈ ಕುಲುಕಿದರು. ನಮ್ಮವರು ಹೌದೆಂದುಬಿಟ್ಟರು.

ಬೆತ್ತದ ವಿಷಯ ಹೇಳಬೇಕು. ಕರಿ ಹಿಡಿದ ಹಳೆಯ ಬೆತ್ತ, ಎರಡೂ ತುದಿಗೆ ಬೆಳ್ಳಿ ಕಟ್ಟು, ಮೇಲ್ತುದಿಯ ಗುಂಡನೆಯ ಬೆಳ್ಳಿ ಗುಬುಟಿನ ಮೇಲೆ ಸವೆದುಹೋದ ಏನೋ ಒಂದು ಲಾಂಛನ. ಅದು ಅವಳ ಅಣ್ಣನಿಗೆ ಹೋಗಬೇಕಾದದ್ದು. ಅವನು ತನ್ನ ಫ್ಲ್ಯಾಟಿನಲ್ಲಿ ಜಾಗವಿಲ್ಲ, ಜೊತೆಗೆ ಅದಕ್ಕೆ ಮಡಿ, ಪೂಜೆ ಯಾರು ಮಾಡುತ್ತಾರೆ ಎಂದು ತಂಗಿಗೆ ಕೊಟ್ಟುಬಿಟ್ಟ. ನ್ಯೂವರ್ಕ್ ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಇದೇನೆಂದು ಕೇಳಿದಾಗ ಅವಳು, "ನಿಮ್ಮದೇ ಕೆಲಸ, ಸ್ವಲ್ಪ ಹಳೇದು" ಎಂದಳಂತೆ. ಇದನ್ನು ಅವಳು ಎಷ್ಟು ಸಲ ಹೇಳಿದ್ದಾಳೋ. ಪ್ರತಿ ಸಲವೂ ಚೆನ್ನಾಗಿಯೇ ಹೇಳುತ್ತಾಳೆ.

ಮೊದಲು ತಟ್ಟಿದ್ದು ತಮಾಷೆಗೆ. ಸ್ನೇಹಿತರೊಬ್ಬರು ಟೌನ್‌ಹೌಸ್ ಕೊಂಡಿದ್ದರು, ಗೃಹಪ್ರವೇಶದ ದಿನ ಮೈದುನ, "ನಮ್ಮ ಮನೆಯವಳು ಬಾಗಿಲ ಮನೆತನದವಳು, ಅವಳ ಕೈಲಿ ತಟ್ಟಿಸಿ, ಮಾರ್ಟ್‌ಗೇಜ್ ರೇಟ್ ಕಮ್ಮಿ ಆಗತ್ತೆ" ಎಂದ. ಅವಳು ಕಾರಿನಿಂದ ಬೆತ್ತ ತಂದು ಹೊಸಿಲಿಗೆ ಮೂರು ಸಲ ತಟ್ಟಿದಳು. ಮುಂದಿನ ವರ್ಷ ಆ ಮನೆಯವರಿಗೆ ಗ್ರೀನ್ ಕಾರ್ಡು ಬಂತು. ಅಷ್ಟೇ ಸಾಕಾಯಿತು. ಎಡಿಸನ್‌ನಿಂದ ಹಿಡಿದು ನಮ್ಮ ಪಾರ್ಸಿಪನಿಯವರೆಗೆ, ಪರಿಚಯದ ಯಾರೇ ಮನೆ ಕೊಳ್ಳಲಿ, ಪುರೋಹಿತರಿಗೆ ಫೋನು ಮಾಡಿದ ಮೇಲೆ ಅವಳಿಗೆ ಫೋನು. ಅವಳು ಬಾರದೆ ಹೊಸಿಲು ದಾಟುವುದಿಲ್ಲ. ಇನ್ಸ್‌ಪೆಕ್ಷನ್ನು, ರುಜು ಹಾಕಿ ಕೀ ಪಡೆಯುವ ಕ್ಲೋಸಿಂಗು, ಆಮೇಲೆ ಬೆತ್ತ.

ನಮ್ಮವರು ಒಮ್ಮೆ ಕಾರಿನಲ್ಲಿ, "ಅಂದ್ರೆ ವಾಚ್‌ಮನ್ ಕೆಲಸ ಅಲ್ವೇನೇ?" ಎಂದರು. ಆ ಮಾತು ನನ್ನನ್ನು ಒಂದು ವಾರ ಸಂತೋಷವಾಗಿಟ್ಟಿತ್ತು. ಆಮೇಲೆ ಮೈದುನನೇ ಎಲ್ಲರೆದುರು ಅಂಥದ್ದೇ ಮಾತಾಡಿದ: "ಮ್ಯಾನ್‌ಹಟನ್ ಬಿಲ್ಡಿಂಗುಗಳಲ್ಲಿ ಡೋರ್‌ಮನ್‌ಗೆ ಕ್ರಿಸ್‌ಮಸ್‌ಗೆ ಟಿಪ್ ಆದ್ರೂ ಕೊಡ್ತಾರೆ ಕಣೆ. ನಿಂಗೆ ಬರೀ ಬ್ಲೌಸ್ ಪೀಸು."

ಅವಳಿಗೆ ಸಿಟ್ಟು ಬರಲಿಲ್ಲ. "ಡೋರ್‌ಮನ್ ಬಾಗಿಲು ತೆಗೀತಾನೆ ರೀ. ನಮ್ಮೋರು ತೆಗೀಬೇಕೋ ಬೇಡ್ವೋ ಅಂತ ಹೇಳ್ತಿದ್ರು."

ನನ್ನ ಒಂದು ವಾರದ ಸಂತೋಷ ಅಲ್ಲಿಗೆ ಮುಗಿಯಿತು.

ಇಷ್ಟಾದರೂ, ಆ ತಟ್ಟುವುದನ್ನು ನಾನು ಎದುರು ನಿಂತು ಒಮ್ಮೆಯೂ ನೋಡಿರಲಿಲ್ಲ. ಗೃಹಪ್ರವೇಶವೆಂದರೆ ನಮ್ಮ ಬಳಗದಲ್ಲಿ ನನಗೆ ಅಡುಗೆ. ಯಾರೂ ಬಲವಂತ ಮಾಡಿದ್ದಲ್ಲ. ಮೊದಲ ಸಲ ನಾನೇ ಮುಂದೆ ಬಿದ್ದೆ, ಆಮೇಲೆ ಅದು ನನ್ನದಾಯಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು, ಕೋಸಂಬರಿ, ಪಾಯಸದ ಪಾತ್ರೆ ಕಾರಿಗೆ ತುಂಬಿಕೊಂಡು ಗ್ಯಾರೇಜಿನಿಂದ ಒಳಗೆ ಹೋಗುವುದು. ಹೋಮದ ಹೊಗೆಗೆ ಅಲಾರಂ ಹೊಡೆದುಕೊಳ್ಳದ ಹಾಗೆ ಸ್ಟೂಲು ಹಾಕಿ ಸ್ಮೋಕ್ ಡಿಟೆಕ್ಟರುಗಳಿಗೆಲ್ಲ ಶವರ್ ಕ್ಯಾಪು ತೊಡಿಸುವುದು. ಹಾಲುಕ್ಕಿಸುವ ಪಾತ್ರೆ ತೊಳೆದಿಡುವುದು. ಅನ್ನಕ್ಕಿಡುವುದು. ಕುಕ್ಕರ್ ಎರಡನೆಯ ಸಲ ಕೂಗುವ ಹೊತ್ತಿಗೆ ಹೊರಗಡೆ ಠಕ್, ಠಕ್, ಠಕ್ ಎಂದು ಕೇಳಿಸುತ್ತಿತ್ತು. ನಂತರ ಚಪ್ಪಾಳೆ. ಎಷ್ಟೋ ಮನೆಗಳ ಗೃಹಪ್ರವೇಶಕ್ಕೆ ಹೋಗಿದ್ದೇನೆ, ಯಾರ ಮನೆಗೂ ಮುಂಬಾಗಿಲಿನಿಂದ ಹೋದವಳಲ್ಲ.

ಅತ್ತೆ ವಿಸಿಟರ್ ವೀಸಾದಲ್ಲಿ ಬಂದಾಗ ಬಂದವರಿಗೆ ನಮ್ಮಿಬ್ಬರನ್ನೂ ಪರಿಚಯ ಮಾಡಿಕೊಡುತ್ತಿದ್ದ ರೀತಿ ನನಗೆ ಈಗಲೂ ಕಿವಿಯಲ್ಲಿದೆ. "ಇವಳು ಚಿಕ್ಕ ಸೊಸೆ, ಅರಮನೆ ಬಾಗಿಲ ಮನೆತನದವಳು. ಇವಳು ದೊಡ್ಡವಳು, ತುಂಬಾ ಕೆಲಸಗಾತಿ." ಅತ್ತೆ ಒಳ್ಳೆಯವರು. ಎರಡನ್ನೂ ಹೊಗಳಿಕೆ ಎಂದೇ ಹೇಳುತ್ತಿದ್ದರು.

ನಾವು ಮನೆ ಕೊಂಡದ್ದು ತೀರ ತಡವಾಗಿ. ಗ್ರೀನ್ ಕಾರ್ಡಿನ ಸರದಿ, ಇವರ ಕೆಲಸ ಎರಡು ಸಲ ಹೋದದ್ದು, ಮಗಳ ಕಾಲೇಜು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲೇ ತಲೆಕೂದಲು ಬೆಳ್ಳಗಾಯಿತು. ಕೊನೆಗೆ ಪಾರ್ಸಿಪನಿಯಲ್ಲೇ ಒಂದು ಹಳೆಯ ಮನೆ ಸಿಕ್ಕಿತು. ನೀಲಿ ಬಣ್ಣದ ಮುಂಬಾಗಿಲು, ಎರಡೂ ಪಕ್ಕ ಮಂಜಿನಂಥ ಗಾಜು, ಮುಂದೆ ಎಂಟು ಜನ ನಿಲ್ಲುವಷ್ಟು ಪೋರ್ಚು. ಆ ಬಾಗಿಲನ್ನು ಮೊದಲು ನೋಡಿದಾಗಲೇ ನಾನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡೆ. ಈ ಸಲ ಅಡುಗೆ ಹೊರಗಡೆಗೆ ಹೇಳುವುದು. ನಾನು ಹಸಿರು ಮೈಸೂರು ಸಿಲ್ಕ್ ಉಟ್ಟು, ಕೈಯಲ್ಲಿ ಕಲಶ ಹಿಡಿದು, ಮುಂಬಾಗಿಲಿನಿಂದ ಬಲಗಾಲಿಟ್ಟು ಒಳಗೆ ಹೋಗುವುದು. ಬಾಗಿಲು ನಾವೇ ತೆರೆಯುವುದು. ಬೆತ್ತ ಬೇಡ.

ಅದನ್ನು ನಮ್ಮವರಿಗೆ ಹೇಳಿದೆ.

"ಊರವರ ಮನೇಗೆಲ್ಲ ತಟ್ಟಿದಾಳೆ. ಸ್ವಂತ ಭಾವನ ಮನೇಲಿ ಬೇಡ ಅಂದ್ರೆ ಚೆನ್ನಾಗಿರತ್ತಾ?"

"ಊರವರಿಗೆ ತಟ್ಟಿದ್ದು ಸಾಕಲ್ಲ."

"ಏನು ಹೊಟ್ಟೆಕಿಚ್ಚೋ ನಿಂದು."

"ಹೌದು" ಎಂದೆ.

ಅವಳೇ ಫೋನು ಮಾಡಿದಳು. "ಅಕ್ಕ, ಭಾನುವಾರ ಬೆತ್ತ ತರ್ಲಾ?"

ಬೇಡ ಎಂದು ನೇರವಾಗಿ ಹೇಳಲು ಬಾಯಿ ಬರಲಿಲ್ಲ. "ನಿನ್ನಿಷ್ಟ" ಎಂದೆ.

"ಸರಿ ಅಕ್ಕ" ಎಂದಳು. ಹೆಜ್ಜೆಯ ಸದ್ದಿನಲ್ಲೇ ಬಂದವರ ಮನಸ್ಸು ತಿಳಿಯುತ್ತಿದ್ದವರ ಮನೆಯ ಹುಡುಗಿ. 'ನಿನ್ನಿಷ್ಟ' ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆ ಭಾನುವಾರ ಮೇ ತಿಂಗಳ ಒಳ್ಳೆಯ ಬಿಸಿಲು. ಮಗಳು ಹಿಂದಿನ ದಿನವೇ ಕಾಲೇಜಿನಿಂದ ಬಂದಿದ್ದಳು. ಹೊಸಿಲಿಗೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದ್ದೆ, ಅದು ಮಿರಮಿರ ಮಿಂಚುತ್ತಿತ್ತು. ಪೋರ್ಚಿನ ಮೆಟ್ಟಿಲ ಕೆಳಗೆ ಚಪ್ಪಲಿಗಳ ರಾಶಿ. ಓರಗಿತ್ತಿ ಕಾರಿನಿಂದ ಇಳಿದಾಗ ಕೈಯಲ್ಲಿ ಹಣ್ಣಿನ ಬುಟ್ಟಿ ಮಾತ್ರ ಇತ್ತು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಮಗಳು, "ಚಿಕ್ಕಮ್ಮಾ, ವೇರ್ ಈಸ್ ದ ಸ್ಟಿಕ್? ಯೂ ಹ್ಯಾವ್ ಟು" ಎಂದು ಅವಳ ಕೈಯಿಂದ ಕಾರಿನ ಕೀ ಕಸಿದುಕೊಂಡು ಓಡಿದಳು. ಕಾರಿನ ಹಿಂದಿನ ಟ್ರಂಕಿನಿಂದ ಕೆಂಪು ವಸ್ತ್ರ ಸುತ್ತಿದ ಬೆತ್ತ ಹೊರಬಂತು. ತಂದೇ ಬಂದಿದ್ದಳು. ಓರಗಿತ್ತಿ ನನ್ನ ಮುಖ ನೋಡಿದಳು. ನಾನು ಕಲಶದ ತೆಂಗಿನಕಾಯಿ ಸರಿಮಾಡುತ್ತಾ ನಿಂತೆ.

ಪುರೋಹಿತರಿಗೆ ಅದೇ ದಿನ ಇನ್ನೊಂದು ಕಡೆ ಸತ್ಯನಾರಾಯಣ ಪೂಜೆಯಿತ್ತು. "ಮುಹೂರ್ತ ಆಯ್ತು, ಬಾಗಿಲು ತೆಗೀರಿ" ಎಂದರು. ನಮ್ಮವರು ಪಂಚೆಯ ಸೊಂಟದಿಂದ ಕೀ ತೆಗೆದು ಬೀಗಕ್ಕೆ ಹಾಕಿದರು. ಕೀ ಒಳಗೆ ಹೋಯಿತು. ತಿರುಗಲಿಲ್ಲ.

ಇನ್ನೊಂದು ಕೀ ಹಾಕಿದರು. ಅದು ಒಳಗೇ ಹೋಗಲಿಲ್ಲ.

ಕ್ಲೋಸಿಂಗ್ ಆದ ಮೇಲೆ ವಾರಗಟ್ಟಲೆ ಆ ಮನೆಗೆ ಸಾಮಾನು ಸಾಗಿಸಿದ್ದೆವು. ಪೇಂಟಿನವರು ಬಂದು ಹೋಗಿದ್ದರು, ಫ್ರಿಜ್ಜಿನವರು ಬಂದು ಹೋಗಿದ್ದರು. ಎಲ್ಲರೂ ಗ್ಯಾರೇಜಿನ ಕೋಡ್ ಒತ್ತಿಯೇ. ಮುಂಬಾಗಿಲ ಕೀ ಸರಿಯಿದೆಯೇ ಎಂದು ನಮ್ಮಿಬ್ಬರಲ್ಲಿ ಒಬ್ಬರೂ ಒಮ್ಮೆಯೂ ನೋಡಿರಲಿಲ್ಲ. ಬಾಗಿಲಿನ ಬಗ್ಗೆ ಅಷ್ಟೆಲ್ಲ ಕನಸು ಕಂಡ ನಾನೂ ಅದರ ಬೀಗ ಮುಟ್ಟಿರಲಿಲ್ಲ.

ಗಂಡಸರು ಒಬ್ಬೊಬ್ಬರಾಗಿ ಕೈ ಹಾಕಿದರು. ಒಬ್ಬರು ಬಾಗಿಲನ್ನು ಎಳೆದು ಹಿಡಿದು ತಿರುಗಿಸಿ ಎಂದರು, ಇನ್ನೊಬ್ಬರು ತಳ್ಳಿ ಹಿಡಿದು ತಿರುಗಿಸಿ ಎಂದರು. ಮೈದುನ ಕಾರಿನಿಂದ ಸ್ಕ್ರೂಡ್ರೈವರ್ ತಂದ. ಪುರೋಹಿತರು ವಾಚು ನೋಡಿಕೊಂಡರು. "ಅಯ್ಯೋ, ಗ್ಯಾರೇಜಿಂದ ಹೋಗಿ ಒಳಗಿಂದ ಚಿಲಕ ತೆಗೆದ್ರೆ ಆಯ್ತಪ್ಪ" ಎಂದು ಯಾರೋ ಆಂಟಿ ಹೇಳಿದರು.

ಎಲ್ಲರೂ ನನ್ನ ಕಡೆ ತಿರುಗಿದರು. ಅಭ್ಯಾಸ. ಗ್ಯಾರೇಜಿನ ತುಂಬ ಬಿಚ್ಚದ ರಟ್ಟಿನ ಡಬ್ಬಗಳಿದ್ದವು. ಅವುಗಳ ನಡುವಿನ ದಾರಿ ನನಗೇ ಗೊತ್ತಿದ್ದದ್ದು ಎಂಬುದೂ ನಿಜ. ಕಲಶವನ್ನು ಮಗಳ ಕೈಗೆ ಕೊಟ್ಟೆ. ಅವಳಿಗೆ ಭಾರವಾಯಿತೆಂದು ಓರಗಿತ್ತಿ ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ ಕೆಳಗಿನಿಂದ ತಾನೂ ಹಿಡಿದಳು. ನನ್ನ ಕಲಶ, ನನ್ನ ಮಗಳು, ನನ್ನ ಪೋರ್ಚು, ನಡುವೆ ಅವಳು. ಸೀರೆ ಎತ್ತಿ ಹಿಡಿದು ಡ್ರೈವ್‌ವೇ ಇಳಿದು ಗ್ಯಾರೇಜಿಗೆ ನಡೆದೆ. ಕಣ್ಣಲ್ಲಿ ನೀರು ಬಂದಿತ್ತು, ಕೋಡ್ ಎರಡು ಸಲ ತಪ್ಪಾಯಿತು.

ಒಳಗೆ ಮನೆ ತಣ್ಣಗಿತ್ತು. ಶವರ್ ಕ್ಯಾಪು ತೊಟ್ಟ ಡಿಟೆಕ್ಟರುಗಳು ಮೇಲಿನಿಂದ ನೋಡುತ್ತಿದ್ದವು. ಅವನ್ನೂ ಬೆಳಿಗ್ಗೆ ನಾನೇ ತೊಡಿಸಿದ್ದು. ಹಾಲ್ ದಾಟಿ ಮುಂಬಾಗಿಲ ಹತ್ತಿರ ಬಂದೆ. ಪಕ್ಕದ ಗಾಜಿನಲ್ಲಿ ಹೊರಗಿನವರೆಲ್ಲ ಬಣ್ಣದ ಮಬ್ಬಾಗಿ ಕಾಣುತ್ತಿದ್ದರು. ವಸ್ತ್ರದಿಂದ ಹೊರಗಿದ್ದ ಬೆಳ್ಳಿಯ ಗುಬುಟೊಂದು ಮಾತ್ರ ಬಿಸಿಲಿಗೆ ಹೊಳೆಯುತ್ತಿತ್ತು. ಈಗ ತಟ್ಟುತ್ತಾಳೆ ಎಂದುಕೊಂಡೆ. ಪ್ರತಿ ಮನೆಯಲ್ಲೂ ಆದದ್ದೇ ನನ್ನ ಮನೆಯಲ್ಲೂ ಆಗುತ್ತಿದೆ. ಅವಳು ಹೊರಗೆ, ನಾನು ಒಳಗೆ. ಕುಕ್ಕರ್ ಒಂದು ಕೂಗುತ್ತಿಲ್ಲ, ಅಷ್ಟೇ. ಚಿಲಕದ ಮೇಲೆ ಕೈಯಿಟ್ಟು ಆ ಸದ್ದಿಗಾಗಿ ಕಾದೆ.

ಸದ್ದು ಬರಲಿಲ್ಲ. "ಏನಾಯ್ತೇ? ಸಿಕ್ತಾ ಚಿಲಕ?" ಎಂದು ನಮ್ಮವರು ಕೂಗಿದರು.

ತೆಗೆದೆ. ಬಿಸಿಲು ಒಮ್ಮೆಲೇ ಮುಖಕ್ಕೆ ಹೊಡೆಯಿತು.

"ಪರವಾಗಿಲ್ಲಮ್ಮ" ಎಂದರು ಪುರೋಹಿತರು. "ನೀವು ಹೊರಗೆ ಬಂದು, ಮತ್ತೆ ಬಲಗಾಲಿಟ್ಟು ಒಳಗೆ ಹೋಗಿ. ನಡೆಯತ್ತೆ."

"ಸ್ವಾಮಿ, ಒಂದ್ನಿಮಿಷ" ಎಂದಳು ಓರಗಿತ್ತಿ. "ಒಳಗಿರೋರನ್ನ ಹೊರಗೆ ಕರೀಬಾರದು." ಅವಳು ಬೆತ್ತದ ವಸ್ತ್ರ ಬಿಚ್ಚಿದಳು. ಮೂರು ಸಲ ತಟ್ಟುವುದನ್ನು ನೋಡಲು ಎಲ್ಲರೂ ಸರಿದು ಜಾಗ ಬಿಟ್ಟರು, ಫೋನುಗಳು ಮೇಲೆದ್ದವು. ಅವಳು ತಟ್ಟಲಿಲ್ಲ. ಬೆತ್ತವನ್ನು ಹೊಸಿಲಿನ ಉದ್ದಕ್ಕೆ ಅರಿಶಿನದ ಮೇಲೆ ಅಡ್ಡ ಮಲಗಿಸಿ, ಎದ್ದು ನಿಂತು ನನ್ನನ್ನು ನೋಡಿದಳು. ಆಮೇಲೆ ಬಂದ ದನಿ ನಾನು ಅದುವರೆಗೆ ಕೇಳಿದ ಅವಳ ದನಿಯಲ್ಲ.

"ಬಾಗಿಲಲ್ಲಿ ಜನ ಕಾದಿದ್ದಾರೆ. ಅಪ್ಪಣೆಯಾದರೆ ಒಬ್ಬೊಬ್ಬರಾಗಿ ಹೇಳುತ್ತೇನೆ."

"ಹೇಳು" ಎಂದೆ.

"ಮನೆಯ ಯಜಮಾನರು ಬಂದಿದ್ದಾರೆ. ತಪ್ಪು ಕೀ ತಂದಿದ್ದಾರೆ."

ನಗು ಎದ್ದಿತು. "ಬರಲಿ" ಎಂದೆ. ಅವಳು ಬೆತ್ತ ಎತ್ತಿ ದಾರಿ ಬಿಟ್ಟಳು, ಅವರು ಬಲಗಾಲಿಟ್ಟು ದಾಟಿದ ಮೇಲೆ ಮತ್ತೆ ಅಡ್ಡ ಇಟ್ಟಳು.

"ಮನೆಯ ಮಗಳು. ಕಲಶ ತಂದಿದ್ದಾಳೆ."

"ಬರಲಿ." ಮಗಳು ಕಲಶ ನನ್ನ ಕೈಗೆ ಕೊಟ್ಟಳು. ಆಗ ಅವಳು ನನ್ನನ್ನು ನೋಡಿದ ರೀತಿ, ಹಿಂದೆ ಕಾರ್ಪೆಟ್ ಮೇಲೆ ಕೂತು ಕಥೆ ಕೇಳುವಾಗ ನೋಡುತ್ತಿದ್ದ ರೀತಿ.

"ಯಜಮಾನರ ತಮ್ಮ. ಕೈಯಲ್ಲಿ ಆಯುಧವಿದೆ."

"ಹೊರಗಿಟ್ಟು ಬರಲಿ." ನನ್ನ ಬಾಯಿಂದ ಅದು ತಾನಾಗಿಯೇ ಬಂತು. ಮೈದುನ ಸ್ಕ್ರೂಡ್ರೈವರನ್ನು ಹೂಕುಂಡದಲ್ಲಿ ಸಿಕ್ಕಿಸಿ, "ಅಪ್ಪಣೆ ಅತ್ತಿಗೆ" ಎಂದು ಬಗ್ಗಿ ಬಂದ. ಹೀಗೆ ಒಬ್ಬೊಬ್ಬರನ್ನೂ ಹೇಳಿದಳು. ಯಾರು ಯಾರ ಮನೆಯವರು, ಯಾವ ಊರಿನಿಂದ ಬಂದವರು, ಏನು ತಂದಿದ್ದಾರೆ. ಒಬ್ಬರನ್ನೂ ಮರೆಯಲಿಲ್ಲ. ಪುರೋಹಿತರನ್ನೂ ಹೇಳಿದಳು, "ಅವಸರದಲ್ಲಿದ್ದಾರೆ" ಎಂದು ಸೇರಿಸಿ. ಅವರೂ ನಕ್ಕು ಒಳಗೆ ಬಂದು ಹೋಮಕುಂಡದ ಹತ್ತಿರ ಕೂತು ಬೆಂಕಿ ಹೊತ್ತಿಸತೊಡಗಿದರು.

ಕೊನೆಗೆ ಹೊರಗೆ ಉಳಿದವಳು ಅವಳೊಬ್ಬಳೇ. ನಾನು ಒಳಗೆ ಕಲಶ ಹಿಡಿದು ನಿಂತಿದ್ದೆ, ನಡುವೆ ಬೆತ್ತ.

"ನೀನು?" ಎಂದೆ.

"ಬಾಗಿಲವರ ಹೆಸರು ಹೇಳೋರು ಯಾರೂ ಇರಲ್ಲ ಅಕ್ಕ. ಎಲ್ಲರೂ ಒಳಗೆ ಹೋದ್ಮೇಲೆ ನಾವೇ ಬೆತ್ತ ಎತ್ಕೊಂಡು ಬರ್ತೀವಿ." ಈಗ ಅವಳ ಮಾಮೂಲಿ ದನಿ.

ಎಷ್ಟೋ ಊಟಗಳಲ್ಲಿ ಅವಳು ಕೊನೆಯ ಪಂಕ್ತಿಗೆ ಬಂದು, ಬಾಗಿಲ ಕಡೆ ಮುಖ ಮಾಡಿ ಕೂತು, ಆರಿದ ಅನ್ನ ಉಂಡದ್ದನ್ನು ಬಡಿಸಿದ ನಾನು ನೋಡಿದ್ದೆ. ಅದೂ ಒಂದು ದೊಡ್ಡಸ್ತಿಕೆ ಎಂದುಕೊಂಡಿದ್ದೆ. ನನಗೆ ಆಗ ಏನೋ ದೊಡ್ಡದಾಗಿ ಹೇಳಬೇಕೆನಿಸಿತು. ಬೆನ್ನು ನೆಟ್ಟಗೆ ಮಾಡಿ, ಹಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ, "ಈ ಮನೆಯ ಚಿಕ್ಕ ಸೊಸೆ ಬಂದಿದ್ದಾಳೆ, ಬರಲಿ" ಎಂದೆ.

ಆ ಕ್ಷಣಕ್ಕೇ ಒಳಗಡೆ ಅಲಾರಂ ಹೊಡೆದುಕೊಂಡಿತು. ಮಹಡಿಯ ಮೆಟ್ಟಿಲ ಹತ್ತಿರದ ಒಂದು ಡಿಟೆಕ್ಟರಿಗೆ ನಾನು ಕ್ಯಾಪು ತೊಡಿಸಿರಲಿಲ್ಲ. ಎಲ್ಲರೂ ಟವೆಲ್ ಬೀಸುತ್ತಾ ಆ ಕಡೆ ಓಡಿದರು. ನನ್ನ ಮಾತು ಕೇಳಿಸಿದ್ದು ಅವಳೊಬ್ಬಳಿಗೆ. ಅವಳು ಬೆತ್ತ ಎತ್ತಿಕೊಂಡು ಬಲಗಾಲಿಟ್ಟು ಒಳಗೆ ಬಂದಳು.

ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ. "ಎಂಥಾ ದೊಡ್ಡ ಗುಣ ರೀ ನಿಮ್ಮ ಓರಗಿತ್ತೀದು." "ರಕ್ತದಲ್ಲೇ ಬಂದಿರೋದು." "ಇನ್ಮೇಲೆ ನಮ್ಮನೇಲೂ ಹಂಗೇ ಮಾಡಿಸ್ಬೇಕು." ನನ್ನ ಗೃಹಪ್ರವೇಶದಲ್ಲಿ ನನ್ನನ್ನು ಅರಸಿ ಮಾಡಿ ನಿಲ್ಲಿಸಿದವಳನ್ನು ಎಲ್ಲರೂ ಹೊಗಳಿದರು. ಅರಸಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆ ಕಾಲದ ಅರಸರಿಗೂ ತಮ್ಮ ಬಾಗಿಲವರನ್ನು ಕಂಡರೆ ಒಳಗೊಳಗೇ ಉರಿಯುತ್ತಿತ್ತೇನೋ.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯಲು ಅವಳೇ ನಿಂತಳು. ನಾನು ಒರೆಸುತ್ತಾ ಕೇಳಿದೆ: "ನಿಜ ಹೇಳು. ಆ ಅಪ್ಪಣೆ ಕೇಳೋದು, ಒಬ್ಬೊಬ್ಬರನ್ನೇ ಹೇಳೋದು, ನಿಮ್ಮ ಮನೇಲಿ ನಿಜವಾಗ್ಲೂ ಇತ್ತಾ? ಇಲ್ಲ ಅಲ್ಲೇ ಪೋರ್ಚಲ್ಲಿ ಹೊಳೀತಾ?"

"ಖಾಲಿ ಮನೆ ಬಾಗಿಲನ್ನ ನಮ್ಮೋರು ಯಾವತ್ತೂ ತಟ್ಟಿಲ್ಲ ಅಕ್ಕ. ಒಳಗೆ ಒಬ್ಬರು ಇರಲೇಬೇಕು."

"ಮತ್ತೆ ಇಷ್ಟು ವರ್ಷ ತಟ್ಟಿದ್ದು?"

"ಎಲ್ಲರ ಮನೇಲೂ ನೀವು ಒಳಗಿದ್ರಲ್ಲ. ಕುಕ್ಕರ್ ಕೂಗೋದು ಕೇಳಿಸ್ಕೊಂಡೇ ತಟ್ತಿದ್ದೆ."

ಇಷ್ಟು ಹೇಳಿ ಪಾಯಸದ ಪಾತ್ರೆಯ ತಳ ಉಜ್ಜತೊಡಗಿದಳು. ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಇಪ್ಪತ್ತೊಂದು ತಲೆಮಾರಿನಿಂದ ಬಂದ ಪದ್ಧತಿಯೋ, ನನ್ನ 'ನಿನ್ನಿಷ್ಟ' ಕೇಳಿದ ದಿನದಿಂದ ಯೋಚಿಸಿಟ್ಟುಕೊಂಡದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಪದ್ಧತಿಯಾಗಿದ್ದರೆ ಅವಳ ವಂಶ ನನಗಿಲ್ಲ ಎಂದು ಉರಿಯುತ್ತದೆ. ಅವಳೇ ಕಟ್ಟಿದ್ದಾದರೆ, ಅಂಥದ್ದು ನನಗೆ ಹೊಳೆಯುತ್ತಿರಲಿಲ್ಲವಲ್ಲ ಎಂದು ಇನ್ನೂ ಹೆಚ್ಚು ಉರಿಯುತ್ತದೆ.

ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದೆವು. ಆದರೂ ಅದನ್ನು ಯಾರೂ ಬಳಸುವುದಿಲ್ಲ. ಗ್ಯಾರೇಜಿನ ಕೋಡ್ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿದೆ; ಮೈದುನನಿಗೆ ಗೊತ್ತಿದೆ, ಪಕ್ಕದ ರಸ್ತೆಯ ಗುಜರಾತಿ ಆಂಟಿಗೆ ಗೊತ್ತಿದೆ. ಓರಗಿತ್ತಿಗೆ ಮಾತ್ರ ನಾನು ಕೊಟ್ಟಿಲ್ಲ. ಅವಳೂ ಕೇಳಿಲ್ಲ, ಗಂಡನಿಂದಲೂ ಕೇಳಿ ತಿಳಿದುಕೊಂಡಿಲ್ಲ. ಒಬ್ಬಳೇ ಬಂದಾಗ ಪೋರ್ಚು ಹತ್ತಿ ಬೆಲ್ ಒತ್ತಿ ನಿಲ್ಲುತ್ತಾಳೆ. ನಾನು ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು, ಹಾಲ್ ದಾಟಿ ಹೋಗಿ ಚಿಲಕ ತೆಗೆಯುತ್ತೇನೆ. ಅವಸರವೇನೂ ಮಾಡುವುದಿಲ್ಲ.